ಹಂಚಿನ ಕಾರ್ಖಾನೆಯ ಕೂಗು ನಮಗೂ ಬೇಕು

ಊರಿಗೆ ಬಂದ ಮೇಲೆ ನನ್ನ ಮೊದಲ ಆಫೀಸು ಮೇಜು ಅತ್ತೆಯ ಹೊಲಿಗೆ ಮಿಷನ್ನು. 2020ರ ಮಾರ್ಚ್ 22ಕ್ಕೆ ಜನತಾ ಕರ್ಫ್ಯೂ ಅಂತ ಗೊತ್ತಾದದ್ದೇ ತಡ, 20ರ ರಾತ್ರಿಯ ಬಸ್ಸು ಹತ್ತಿ ನಾನೂ ಗಂಡನೂ ಹೆಮ್ಮಾಡಿಯಲ್ಲಿ ಇಳಿದಿದ್ದೆವು. ನಾಲ್ಕು ಜೊತೆ ಬಟ್ಟೆ, ಎರಡು ಲ್ಯಾಪ್‌ಟಾಪು. ಹದಿನೈದು ದಿನದಲ್ಲಿ ವಾಪಸು ಹೋಗುವ ಅಂದಾಜು. ಮನೆಯಲ್ಲಿದ್ದ ಒಂದೇ ಒಂದು ಊಟದ ಮೇಜನ್ನು ಗಂಡ ಹಿಡಿದುಬಿಟ್ಟ. ನನ್ನ ಪಾಲಿಗೆ ಉಳಿದದ್ದು ಚಾವಡಿಯ ಕಿಟಕಿ ಪಕ್ಕದ ಮಿಷನ್ನು. ಅದರ ತಲೆಯನ್ನು ಒಳಗೆ ಮಡಚಿ, ಹಲಗೆ ಮುಚ್ಚಿ, ಮೇಲೊಂದು ಹಳೆಯ ಟವೆಲು ಹಾಸಿದರೆ ಲ್ಯಾಪ್‌ಟಾಪಿಗೆ ಹೇಳಿ ಮಾಡಿಸಿದ ಜಾಗ. ಕೆಳಗೆ ಕಬ್ಬಿಣದ ಪೆಡಲು. ಕಾಲಿಡಲು ಬೇರೆ ದಿಕ್ಕಿಲ್ಲ, ಹಾಗಾಗಿ ಪಾದ ಅದರ ಮೇಲೆಯೇ. ಮೀಟಿಂಗಿನಲ್ಲಿ ಯಾರೋ ಸ್ಲೈಡು ತೋರಿಸುತ್ತಾ ಹೋದ ಹಾಗೆ ನನಗೇ ಗೊತ್ತಿಲ್ಲದೆ ಕಾಲು ತುಳಿಯಲು ಶುರು ಮಾಡುತ್ತಿತ್ತು. ಬೆಲ್ಟು ಕಳಚಿಟ್ಟಿದ್ದರಿಂದ ಚಕ್ರ ಮಾತ್ರ ಸುಮ್ಮನೆ ತಿರುಗುತ್ತಿತ್ತು. ದಿನಕ್ಕೆ ಎಷ್ಟು ಮೈಲಿ ತುಳಿದೆನೋ ಲೆಕ್ಕವಿಲ್ಲ.

ಒಂದು ವರ್ಷ ಕಳೆದ ಮೇಲೆ ಕಂಪನಿ ಕುರ್ಚಿ-ಮೇಜಿಗೆ ಅಂತ ಸ್ವಲ್ಪ ಹಣ ಕೊಟ್ಟಿತು. ಸೊಂಟಕ್ಕೆ ಆಸರೆ, ತಲೆಗೆ ಆಸರೆ, ಕೈಗೆ ಆಸರೆ, ಎಲ್ಲ ಇರುವ ಕರಿ ಕುರ್ಚಿ ಬಂತು. ಬಂದವರೆಲ್ಲ ಒಮ್ಮೆ ಕೂತು ನೋಡಿ ಹೋದರು. ಅದು ಬಂದ ಎಂಟನೇ ತಿಂಗಳಿಗೆ ನನ್ನ ಸೊಂಟ ಹಿಡಿಯಿತು.

ಅವತ್ತು ಹತ್ತು ಗಂಟೆಗೆ ಕೂತವಳು. ಹತ್ತೂವರೆಗೆ ಒಂದು ಕಾಲ್, ಅದು ಮುಗಿಯುವುದರೊಳಗೆ ಮತ್ತೊಂದು, ಅದರ ಬಾಲ ಹಿಡಿದು ಮೂರನೆಯದು. ಮಧ್ಯಾಹ್ನದ ಅನ್ನ ಬಟ್ಟಲಿನಲ್ಲಿ ಮೇಜಿಗೇ ಬಂತು. ಕ್ಯಾಮೆರಾ ಮುಚ್ಚಿ ಎಡಗೈಯಲ್ಲಿ ಮೌಸ್ ಹಿಡಿದು ಉಂಡೆ. ಮೂರಕ್ಕೆ ಹತ್ತು ನಿಮಿಷ ಇರುವಾಗ ಪಾರ್ಸೆಲ್ ಹುಡುಗ ಗೇಟಿನಲ್ಲಿ ಹಾರ್ನ್ ಹಾಕಿದ. ಎದ್ದೆ ಅಂದುಕೊಂಡೆ, ಸೊಂಟ ಏಳಲಿಲ್ಲ. ಎರಡೂ ಕೈ ಮೇಜಿಗೆ ಊರಿ, ನಟ್ಟಿ ಮಾಡುವವರ ಹಾಗೆ ಬಗ್ಗಿ, ಕೂರಲೂ ಆಗದೆ ನಿಲ್ಲಲೂ ಆಗದೆ ಹಾಗೇ ಇದ್ದೆ. ಹೆಡ್‌ಫೋನಿನಲ್ಲಿ ಯಾರೋ ನನ್ನ ಹೆಸರು ಕರೆದು ‘ಮ್ಯೂಟಿನಲ್ಲಿದ್ದೀರಿ’ ಅನ್ನುತ್ತಿದ್ದರು. ನನಗೆ ಆಗ ಮೂವತ್ತೇಳು ವರ್ಷ.

ಕುಂದಾಪುರದಲ್ಲಿ ತೋರಿಸಿದ ಫಿಸಿಯೋಥೆರಪಿಯವರು ಕುರ್ಚಿಯ ಫೋಟೋ ನೋಡಿ ತಲೆದೂಗಿದರು. “ಕುರ್ಚಿಗೆ ಎಂತದೂ ಆಗ್ಲಿಲ್ಲ, ಒಳ್ಳೆ ಕುರ್ಚಿಯೇ. ನೀವು ಅದ್ರಲ್ಲಿ ಇಪ್ಪುದೇ ಜಾಸ್ತಿ.” ಕೂರುವುದಕ್ಕೂ ಏಳುವುದಕ್ಕೂ ನಡುವೆ ಎಷ್ಟು ಹೊತ್ತು ಹೋಗುತ್ತದೆ ಅಂತ ಒಂದು ವಾರ ಬರೆದಿಡಲು ಹೇಳಿದರು. ಬರೆದೆ. ಕಮ್ಮಿ ಅಂದರೆ ಒಂದೂ ಕಾಲು ಗಂಟೆ, ಜಾಸ್ತಿ ಅಂದರೆ ಮೂರು ಗಂಟೆ ನಲವತ್ತು ನಿಮಿಷ.

ಬೆಂಗಳೂರಿನ ಸಹೋದ್ಯೋಗಿಗಳು ಇದನ್ನು ನಂಬುವುದಿಲ್ಲ. “ನಿನಗೇನಮ್ಮ, ಮರವಂತೆ ಬೀಚು ಪಕ್ಕದಲ್ಲೇ ಇದೆ” ಅನ್ನುತ್ತಾರೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ಹೆದ್ದಾರಿ ಇರುವ ಆ ಫೋಟೋ ಎಲ್ಲರ ಮೊಬೈಲಿನಲ್ಲೂ ಉಂಟಲ್ಲ. ವಾರಗಟ್ಟಲೆ ನಾನು ಆ ಸಮುದ್ರ ನೋಡಿರುವುದಿಲ್ಲ. ನಿಜ ಹೇಳಬೇಕೆಂದರೆ ಬೆಂಗಳೂರಿನಲ್ಲೇ ಹೆಚ್ಚು ನಡೆಯುತ್ತಿದ್ದೆ. ಬಸ್‌ಸ್ಟಾಪಿಗೆ ಹೋಗಬೇಕು, ಆಫೀಸಿನ ಮೆಟ್ಟಿಲು ಹತ್ತಬೇಕು, ಊಟಕ್ಕೆ ಇನ್ನೊಂದು ಮಹಡಿಗೆ ಹೋಗಬೇಕು, ಚಾಕ್ಕೆ ಯಾರೋ ಎಳೆದುಕೊಂಡು ಹೋಗುತ್ತಿದ್ದರು. ವ್ಯಾಯಾಮ ಅಂತ ಅದಕ್ಕೆ ಯಾರೂ ಹೆಸರಿಟ್ಟಿರಲಿಲ್ಲ. ಇಲ್ಲಿ ಮಲಗುವ ಕೋಣೆಯಿಂದ ಮೇಜಿಗೆ ಹದಿನಾಲ್ಕು ಹೆಜ್ಜೆ. ಎಣಿಸಿದ್ದೇನೆ.

ಮೊದಲ ಮಳೆಗಾಲದಲ್ಲಿ ಹೀಗಿರಲಿಲ್ಲ. ಜೂನ್ ಬಂತೆಂದರೆ ಎಲ್ಲೋ ತೆಂಗಿನ ಮಡಲು ತಂತಿಯ ಮೇಲೆ ಬಿದ್ದು ಕರೆಂಟು ಹೋಗುತ್ತಿತ್ತು. ನೆಟ್‌ವರ್ಕು ಅದರ ಹಿಂದೆಯೇ. ಬೈದುಕೊಂಡು ಏಳುತ್ತಿದ್ದೆ. ಸಿಗ್ನಲ್ ಹುಡುಕುತ್ತಾ ಅಂಗಳ ದಾಟಿ, ಗುಡ್ಡೆಯ ಬುಡದವರೆಗೆ ಛತ್ರಿ ಹಿಡಿದು ಹೋಗಿ, ಮೊಬೈಲು ಮೇಲೆತ್ತಿ ನಿಲ್ಲುವುದು. ಆ ವರ್ಷ ನನಗೆ ಬೆನ್ನುನೋವು ಇರಲಿಲ್ಲ ಅನ್ನುವುದು ಈಗ ನೆನಪಾಗುತ್ತದೆ. ಆಮೇಲೆ ಫೈಬರ್ ಬಂತು, ಇನ್ವರ್ಟರ್ ಬಂತು. ನಾನೇ ದುಡ್ಡು ಕೊಟ್ಟು, ಸಂತೋಷದಿಂದ, ಕೊನೆಯ ಬಿಡುವನ್ನೂ ತೆಗೆಸಿಹಾಕಿದೆ.

ಮಾವ ಮೂವತ್ತೊಂದು ವರ್ಷ ಹಂಚಿನ ಕಾರ್ಖಾನೆಯಲ್ಲಿ ಇದ್ದವರು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಶುರು ಮಾಡಿದ ಹಂಚಿನ ಕೆಲಸ ಹೊಳೆಯ ಮಣ್ಣು ಸಿಕ್ಕಿದಲ್ಲೆಲ್ಲ ಹಬ್ಬುತ್ತಾ ನಮ್ಮ ಕಡೆಗೂ ಬಂದಿತ್ತು. ಕುಂದಾಪುರದ ಸುತ್ತಮುತ್ತ ಒಂದು ಕಾಲದಲ್ಲಿ ಅದರ ಹೊಗೆ ಕೊಳವೆ ಕಾಣದ ದಿಕ್ಕು ಇರಲಿಲ್ಲ. ಈಗ ಕಾಂಕ್ರೀಟು ತಾರಸಿ ಬಂದು ಹೆಚ್ಚಿನವು ಬಾಗಿಲು ಹಾಕಿವೆ, ಕೆಲವು ಕೊಳವೆಗಳು ಮಾತ್ರ ಪೊದೆಯ ನಡುವೆ ನಿಂತಿವೆ. ಮಾವ ಕಾರ್ಖಾನೆಯ ಬಗ್ಗೆ ಹೇಳುವಾಗ ಸಂಬಳಕ್ಕಿಂತ ಮೊದಲು ಹೇಳುವುದು ಕೂಗಿನ, ಅಂದರೆ ಸೈರನ್ನಿನ, ವಿಷಯ. ಬೆಳಿಗ್ಗೆ ಒಳಗೆ ಬರಲು ಒಂದು ಕೂಗು, ಚಾಕ್ಕೆ ಒಂದು, ಊಟಕ್ಕೆ ಒಂದು, ಬಿಡುವಾಗ ಒಂದು. ಊರವರು ಅದನ್ನು ಕೇಳಿ ಒಲೆಗೆ ಅಕ್ಕಿ ಹಾಕುತ್ತಿದ್ದರಂತೆ, ಮಕ್ಕಳನ್ನು ಶಾಲೆಗೆ ಹೊರಡಿಸುತ್ತಿದ್ದರಂತೆ. ಕೂಗು ಆದ ಮೇಲೆ ಯಂತ್ರದ ಮುಂದೆ ನಿಂತವನಿಗೆ ಧಣಿಯೂ ‘ಇನ್ನೊಂದು ಹತ್ತು ಹಂಚು ಒತ್ತಿ ಹೋಗು’ ಅನ್ನುವ ಹಾಗಿರಲಿಲ್ಲ. “ಕೂಗ್ ಆಯ್ತ್ ಅಂದ್ರೆ ಆಯ್ತ್” ಅನ್ನುತ್ತಾರೆ ಮಾವ, ಅದು ದೇವರ ಅಪ್ಪಣೆಯೋ ಎಂಬಂತೆ.

ದೇವರಲ್ಲ, ಕಾನೂನು. 1948ರ ಕಾರ್ಖಾನೆ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ ಕಮ್ಮಿಯಲ್ಲಿ ಅರ್ಧ ಗಂಟೆ ಬಿಡುವು ಕೊಡದೆ ಯಾರಿಂದಲೂ ಐದು ಗಂಟೆಗಿಂತ ಹೆಚ್ಚು ದುಡಿಸುವಂತಿರಲಿಲ್ಲ. ಮಣ್ಣು ಕಲಸುವವನಿಗೆ, ಭಟ್ಟಿಗೆ ಕಟ್ಟಿಗೆ ಹಾಕುವವನಿಗೆ ಸಿಕ್ಕಿದ ಆ ಕೂಗು ನನ್ನ ಪಾಲಿಗೆ ಎಲ್ಲಿ ಹೋಯಿತು ಅಂತ ನಾನು ಯೋಚಿಸಲು ಶುರು ಮಾಡಿದ್ದು ಸೊಂಟ ಹಿಡಿದು ಹಾಸಿಗೆಯಲ್ಲಿ ಬಿದ್ದ ಆ ಹತ್ತು ದಿನ. ಆಫೀಸಿನಲ್ಲಿ ಇದ್ದಾಗ ಕೂಗು ಇಲ್ಲದಿದ್ದರೂ ಅದರ ಕೆಲಸ ಮಾಡುವ ಜನ ಇದ್ದರು. ಪಕ್ಕದವಳು ಎದ್ದರೆ ನಾನೂ ಏಳುತ್ತಿದ್ದೆ. ಮನೆಯಿಂದ ಕೆಲಸ ಅನ್ನುವುದು ಪಕ್ಕದವಳನ್ನೇ ತೆಗೆದುಹಾಕಿತು. ಶಾಲೆಗೆ ಬೆಲ್ಲು ಉಂಟು, ಗದ್ದೆಯವರಿಗೆ ಹತ್ತು ಗಂಟೆಯ ಬೆಲ್ಲ-ನೀರು ಉಂಟು. ಮಂದಾರ್ತಿ ಮೇಳದ ಯಕ್ಷಗಾನದ ಆಟದಲ್ಲಿ ಕೂಡ ರಾತ್ರಿಯಿಡೀ ಒಬ್ಬನೇ ಭಾಗವತ ಪದ ಹೇಳುವುದಿಲ್ಲ, ಹೊತ್ತು ಸರಿದ ಹಾಗೆ ಜಾಗಟೆ ಇನ್ನೊಬ್ಬರ ಕೈಗೆ ಹೋಗುತ್ತದೆ. ಚಾವಡಿಯ ಮೂಲೆಯಲ್ಲಿ ಒಬ್ಬಳೇ ಕೂತ ನನ್ನ ಜಾಗಟೆ ಮಾತ್ರ ಯಾರ ಕೈಗೂ ಹೋಗುವುದಿಲ್ಲ.

ಇಷ್ಟು ಹೇಳಿದಾಗ ಅತ್ತೆ ಸುಮ್ಮನೆ ನಕ್ಕರು. ಅವರೂ ಮದುವೆಗೆ ಮುಂಚೆ ಅದೇ ಕಾರ್ಖಾನೆಯಲ್ಲಿ ಹಸಿ ಹಂಚು ಹೊತ್ತವರು. ಎರಡೂ ಮೊಣಕಾಲು ಸವೆದು, ಈಗ ಬಾವಿಕಟ್ಟೆಯ ಎರಡು ಮೆಟ್ಟಿಲಿಗೂ ಗೋಡೆ ಹಿಡಿಯುತ್ತಾರೆ. “ನಮ್ಗ್ ಕೂಕಂಬುಕ್ ಬಿಡ್ತಿರ್ಲಿಲ್ಲ. ನಿಂಗ್ ಏಳುಕ್ ಬಿಡುದಿಲ್ಯಾ?” ಅಂದರು. ಕೇಳಿದ್ದು ತಮಾಷೆಗೇ. ಆದರೆ ನನಗೆ ಮುಜುಗರವಾಯಿತು. ನೆರಳಿನಲ್ಲಿ, ಫ್ಯಾನಿನ ಕೆಳಗೆ ಕೂತು ತಿಂಗಳ ಸಂಬಳ ಎಣಿಸುವವಳು ಕಷ್ಟ ಹೇಳಿಕೊಳ್ಳುವುದು ಗಂಗೊಳ್ಳಿಯ ಬಂದರಿನಲ್ಲಿ ಬೆಳಗಿನ ಜಾವದಿಂದ ನಿಂತು ಮೀನು ವಿಂಗಡಿಸುವವಳ ಎದುರು ಹೇಗೆ ಕೇಳಿಸೀತು?

ಆಮೇಲೆ ಕೇರಳದ ಕತೆ ನೆನಪಾಯಿತು. ಕೋಝಿಕೋಡಿನ ಮಿಠಾಯಿ ಬೀದಿಯ ಬಟ್ಟೆ ಅಂಗಡಿಗಳಲ್ಲಿ ದಿನವಿಡೀ ನಿಂತೇ ಇರಬೇಕಿದ್ದ ಸೇಲ್ಸ್ ಹೆಂಗಸರು, ಗಿರಾಕಿ ಇಲ್ಲದಿದ್ದರೂ ಕೂರುವ ಹಾಗಿಲ್ಲದವರು, ಪಿ. ವಿಜಿ ಅವರ ‘ಪೆಣ್‌ಕೂಟ್ಟ್’ ಸಂಘಟನೆಯ ಜೊತೆ ವರ್ಷಗಟ್ಟಲೆ ಹೋರಾಡಿ 2018ರಲ್ಲಿ ಕೂರುವ ಹಕ್ಕನ್ನು ಕಾನೂನಿನಲ್ಲಿ ಬರೆಸಿಕೊಂಡರು. 2021ರಲ್ಲಿ ತಮಿಳುನಾಡೂ ಅಂಥದೇ ತಿದ್ದುಪಡಿ ಮಾಡಿತು. ಆ ಹೆಂಗಸರು ಕೇಳಿದ್ದು ಸ್ಟೂಲು. ನಾನು ಕೇಳುವುದು ಸ್ಟೂಲಿನಿಂದ ಏಳುವುದು. ಎರಡರಲ್ಲೂ ದೇಹ ಒಂದೇ ಭಂಗಿಯಲ್ಲಿ ಕಟ್ಟಿಹಾಕಿಸಿಕೊಂಡಿದೆ, ಬಿಚ್ಚುವ ಹಗ್ಗ ಇನ್ನೊಬ್ಬರ ಕೈಯಲ್ಲಿದೆ. ಅತ್ತೆಯ ಮೊಣಕಾಲಿಗೂ ನನ್ನ ಸೊಂಟಕ್ಕೂ ನಂಟಿದೆ ಅಂತ ಅನ್ನಿಸಿ, ಅಂದಿನಿಂದ ನನ್ನ ಮುಜುಗರ ಸ್ವಲ್ಪ ಇಳಿಯಿತು.

ಕೂತರೆ ಏನು ಮಹಾ ಅನ್ನುವವರಿಗೆ ಬಸ್ಸಿನ ಲೆಕ್ಕ ಹೇಳಬೇಕು. ನಮ್ಮ ಕುಂದಾಪುರ–ಉಡುಪಿ ಎಕ್ಸ್‌ಪ್ರೆಸ್ಸುಗಳನ್ನೇ ನೋಡಿ. ಡ್ರೈವರು ಸೀಟಿಗೆ ಅಂಟಿಕೊಂಡಿರುತ್ತಾನೆ. ಕಂಡಕ್ಟರು ಬಾಗಿಲಿನಿಂದ ಹಿಂದಿನ ಸೀಟಿಗೆ, ಅಲ್ಲಿಂದ ಮುಂದಕ್ಕೆ, ಕೋಟ, ಸಾಲಿಗ್ರಾಮ, ಬ್ರಹ್ಮಾವರ ಅಂತ ಕೂಗಿ ಇಳಿದು ಹತ್ತಿ, ಒಂದು ಕ್ಷಣ ನಿಂತಲ್ಲಿ ನಿಲ್ಲುವುದಿಲ್ಲ. ಲಂಡನ್ನಿನ ಜೆರೆಮಿ ಮಾರಿಸ್ ಎಂಬ ವೈದ್ಯ ಇದೇ ಜೋಡಿಯನ್ನು ಅಲ್ಲಿನ ಎರಡಂತಸ್ತಿನ ಬಸ್ಸುಗಳಲ್ಲಿ ಹಿಡಿದು ಲೆಕ್ಕ ಹಾಕಿದರು. 1953ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ದಿನವಿಡೀ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗೆ ಹೃದಯದ ಕಾಯಿಲೆ ಡ್ರೈವರುಗಳಿಗಿಂತ ಬಹಳ ಕಮ್ಮಿ ಇತ್ತು. ಬಂದರೂ ಅಷ್ಟು ಜೋರಾಗಿ ಬರುತ್ತಿರಲಿಲ್ಲ. ಒಂದೇ ಬಸ್ಸು, ಒಂದೇ ರಸ್ತೆ, ಹತ್ತಿರಹತ್ತಿರ ಒಂದೇ ಥರದ ಮನೆತನ. ಮನೆಯಿಂದ ಕೆಲಸ ಮಾಡುವ ನಾವೆಲ್ಲ ಡ್ರೈವರ್ ಸೀಟಿನವರು, ಬಸ್ಸೂ ಇಲ್ಲದ ಡ್ರೈವರುಗಳು.

ಒಳಗೆ ಆಗುವುದು ಏನು ಅಂತಲೂ ಆ ಫಿಸಿಯೋಥೆರಪಿಯವರು ಬಿಡಿಸಿ ಹೇಳಿದ್ದರು. ಕಾಲಿನ ರಕ್ತವನ್ನು ಮೇಲೆ ತಳ್ಳುವ ಪಂಪು ಮೀನಖಂಡ. ಅದು ಕುಗ್ಗಿ ಹಿಗ್ಗಿದರೆ ಮಾತ್ರ ಪಂಪು ನಡೆಯುತ್ತದೆ. ಬೆನ್ನುಮೂಳೆಗಳ ನಡುವಿನ ಡಿಸ್ಕಿಗೆ ರಕ್ತನಾಳ ಇಲ್ಲವೆಂದೇ ಹೇಳಬೇಕು, ನಾವು ಅಲುಗಾಡಿದಾಗ ಒತ್ತಿ ಬಿಟ್ಟ ಸ್ಪಂಜಿನ ಹಾಗೆ ಅದು ತನಗೆ ಬೇಕಾದ್ದನ್ನು ಹೀರಿಕೊಳ್ಳುತ್ತದೆ. ಅಯ್ಯೋ, ಅತ್ತೆಯ ಮಿಷನ್ನಿನ ಪೆಡಲು ಮಾಡಿಸುತ್ತಿದ್ದದ್ದು ಇದನ್ನೇ ಎಂದು ಆಗ ಅನ್ನಿಸಿತು. ಊಟದ ನಂತರ ರಕ್ತಕ್ಕೆ ಏರುವ ಸಕ್ಕರೆಯೂ ಇದೇ ಸ್ನಾಯುಗಳನ್ನು ಕಾಯುತ್ತಿರುತ್ತದೆ. ಆಸ್ಟ್ರೇಲಿಯಾದ ಸಂಶೋಧಕರು 2012ರಲ್ಲಿ, ಇಪ್ಪತ್ತು ನಿಮಿಷಕ್ಕೊಮ್ಮೆ ಎರಡು ನಿಮಿಷ ನಿಧಾನ ನಡೆದರೂ ಊಟದ ನಂತರದ ಸಕ್ಕರೆ ಗಣನೀಯವಾಗಿ ಇಳಿಯುವುದನ್ನು ತೋರಿಸಿದರು. 2023ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದವರು ಅರ್ಧ ಗಂಟೆಗೆ ಐದು ನಿಮಿಷದ ನಡಿಗೆಯೇ ಒಳ್ಳೆಯದು ಅಂದರು. ಅವರು ಪರೀಕ್ಷಿಸಿದ್ದು ಹನ್ನೊಂದೇ ಜನರನ್ನು, ಹಾಗಾಗಿ ಆ ಐದು ನಿಮಿಷವನ್ನು ನಾನು ವೇದವಾಕ್ಯ ಮಾಡಿಕೊಂಡಿಲ್ಲ. ಅರ್ಧ ಗಂಟೆಗೊಮ್ಮೆ ಎದ್ದುಹೋಗುವ ನೌಕರಿ ಯಾವ ಕಂಪನಿಯಲ್ಲಿ ಉಂಟು ಅನ್ನುವುದು ಇನ್ನೊಂದು ಮಾತು. ಆದರೆ ಐಸಿಎಂಆರ್ 2023ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ದೇಶದಲ್ಲಿ 10.1 ಕೋಟಿ ಜನರಿಗೆ ಶುಗರ್ ಇದೆ. ಕುಚ್ಚಲಕ್ಕಿ ಅನ್ನ ಉಂಡು ಮೂರು ಗಂಟೆ ಅಲುಗಾಡದ ನಾನು ಆ ಸಾಲಿನಲ್ಲಿ ನಿಲ್ಲಲು ಎಷ್ಟು ಹೊತ್ತು?

ಸರಿ, ನಡೆಯುವ ಅಂತ ಹೊರಟೆ. ಬೆಳಿಗ್ಗೆ ಹನ್ನೊಂದು ಗಂಟೆ. ನಮ್ಮ ಓಣಿ ದಾಟುವುದರೊಳಗೆ ಮೂರು ಜನ ಕೇಳಿದರು. “ಎಂತ, ಇವತ್ತ್ ರಜೆಯಾ?” “ಎಲ್ಲಿಗ್ ಹೊರ್ಟದ್?” ಮೂರನೆಯವರು ಏನೂ ಕೇಳದೆ ಸಂಜೆ ಅತ್ತೆಯ ಹತ್ತಿರ ‘ಸೊಸೆಗೆ ಕೆಲಸ ಹೋಯಿತಾ’ ಅಂತ ವಿಚಾರಿಸಿದರು. ಬೆಳಿಗ್ಗೆ ಐದೂವರೆಗೆ ಶೂ ಹಾಕಿ ಗಂಡಸರು ಕೋಡಿಯ ಕಡಲತಡಿಯಲ್ಲಿ ನಡೆದರೆ ಅದು ವಾಕಿಂಗು. ಹೆಂಗಸು ಹಗಲು ಹನ್ನೊಂದಕ್ಕೆ ಕೈಬೀಸಿಕೊಂಡು ನಡೆದರೆ ಅದಕ್ಕೆ ನಮ್ಮೂರಿನಲ್ಲಿ ಹೆಸರೇ ಇಲ್ಲ. ನಾಲ್ಕನೇ ದಿನ ನನಗೊಂದು ಉಪಾಯ ಹೊಳೆಯಿತು. ಕೈಯಲ್ಲಿ ಖಾಲಿ ಹಾಲಿನ ಕ್ಯಾನು ಹಿಡಿದೆ. ಒಬ್ಬರೂ ಕೇಳಲಿಲ್ಲ. ಹನ್ನೊಂದು ಗಂಟೆಗೆ ಯಾವ ಡೇರಿಯೂ ತೆರೆದಿರುವುದಿಲ್ಲ ಅಂತ ಯಾರಿಗೂ ಹೊಳೆಯಲಿಲ್ಲ. ಜನವರಿಯಲ್ಲಿ ಸೇವಂತಿಗೆ ಗದ್ದೆಯ ಬದುವಿನ ಮೇಲೆ ಹಳದಿ ಹೂವಿನ ನಡುವೆ ಖಾಲಿ ಕ್ಯಾನು ಆಡಿಸುತ್ತಾ ನಡೆದದ್ದು ಈಗಲೂ ಕಣ್ಣ ಮುಂದಿದೆ. ಮಾರಣಕಟ್ಟೆ ಜಾತ್ರೆಗೆ ಹೋಗುವ ಹೂವು, ಕೊಯ್ಯುವವರು ತಲೆ ಎತ್ತಿ ಕ್ಯಾನು ನೋಡಿ ಮತ್ತೆ ಬಗ್ಗುತ್ತಿದ್ದರು.

ವ್ಯಾಯಾಮ ಅಂದರೆ ನಮ್ಮ ತಲೆಯಲ್ಲಿ ಬರುವ ಚಿತ್ರವೇ ಬೇರೆ. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ನಮ್ಮ ವಂಡ್ಸೆ ಕಡೆಯ ಗುರುರಾಜ ಪೂಜಾರಿ ಭಾರ ಎತ್ತಿ ಭಾರತಕ್ಕೆ ಮೊದಲ ಪದಕ ತಂದಾಗ ತಾಲೂಕಿಗೆ ತಾಲೂಕೇ ಕುಣಿಯಿತು. ಅದು ವ್ಯಾಯಾಮ. ಆಸಾಡಿ ಅಮಾಸಿಗೆ ಕುಂದಾಪ್ರ ಕನ್ನಡ ದಿನ ಅಂತ ಕೆಸರುಗದ್ದೆಯಲ್ಲಿ ಓಡಿ ಬಿದ್ದು ಏಳುವುದೂ ಸರಿ, ಅದೂ ವ್ಯಾಯಾಮ. ಏಳು ನಿಮಿಷ ಎದ್ದು ತೆಂಗಿನಬುಡದ ತನಕ ಹೋಗಿ ಬರುವುದನ್ನು ಮಾತ್ರ ನಾವು ಸೋಮಾರಿತನ ಅನ್ನುತ್ತೇವೆ.

ಒಬ್ಬಳಿಂದ ಆಗುವುದಿಲ್ಲ ಅಂತ ಗೊತ್ತಾದ ಮೇಲೆ ಇನ್ನಿಬ್ಬರನ್ನು ಹುಡುಕಿದೆ. ಒಬ್ಬಳು ಬಾರ್ಕೂರಿನ ನನ್ನ ತವರುಮನೆ ಪಕ್ಕದವಳು, ಆಸ್ಪತ್ರೆ ಬಿಲ್ಲುಗಳ ಕೋಡಿಂಗ್ ಮಾಡುವವಳು. ಇನ್ನೊಬ್ಬ ಬೈಂದೂರು ಹತ್ತಿರ ಉಪ್ಪುಂದದ ಹುಡುಗ, ಪರದೇಶದ ಕಂಪನಿಯೊಂದಕ್ಕೆ ರಾತ್ರಿಪಾಳಿ. ಬ್ರಹ್ಮಾವರ, ಕುಂದಾಪುರ, ಬೈಂದೂರು, ಮೂರು ತಾಲೂಕಿಗೆ ಮೂರು ಜನ. ಹನ್ನೊಂದಕ್ಕೂ ನಾಲ್ಕಕ್ಕೂ ಒಬ್ಬರು ಫೋನು ಹೊಡೆಯುವುದು, ಮೂವರೂ ಏಳುವುದು, ಫೋನು ಕಿವಿಯಲ್ಲಿ ಇಟ್ಟುಕೊಂಡು ಏಳು ನಿಮಿಷ ನಡೆಯುವುದು. ಒಂದೇ ಕಟ್ಟಳೆ, ಕೆಲಸದ ಮಾತು ಆಡುವಂತಿಲ್ಲ. ಬಾರ್ಕೂರಿನವಳು ಕತ್ತಲೆ ಬಸದಿಯ ತನಕ ಹೋಗಿ ತಿರುಗುತ್ತಾಳೆ. ಉಪ್ಪುಂದದವನಿಗೆ ಹನ್ನೊಂದು ಗಂಟೆ ಅಂದರೆ ನಿದ್ದೆಯಿಂದ ಏಳುವ ಹೊತ್ತು, ಅವನು ಮೊದಲ ಎರಡು ನಿಮಿಷ ಆಕಳಿಸುತ್ತಾನೆ. ಮಳೆಗಾಲದಲ್ಲಿ ಅವನಿಗೆ ತಾರಸಿಯ ಮೇಲಿನ ಶೀಟಿನ ಅಡಿ, ನನಗೆ ಜಗಲಿಯ ಉದ್ದ. ಇಪ್ಪತ್ತೆರಡು ಹೆಜ್ಜೆಗೆ ಒಂದು ತಿರುವು. ಮಳೆಯ ಸದ್ದಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ, ಆದರೂ ಫೋನು ಇಡುವುದಿಲ್ಲ.

ಇದರಲ್ಲಿ ನಾನು ಕಲಿತ ಒಂದು ಸಂಗತಿಯನ್ನು ಗಂಡಸರು ಸ್ವಲ್ಪ ಕೇಳಿಸಿಕೊಳ್ಳಬೇಕು. ಬಿಡುವಿನಲ್ಲಿ ಗಂಡ ಎದ್ದರೆ ಅಂಗಳಕ್ಕೆ ಹೋಗುತ್ತಾನೆ. ನಾನು ಎದ್ದರೆ ಅಡುಗೆಮನೆಗೆ ಹೋಗುತ್ತೇನೆ. ಕುಕ್ಕರು ಇಳಿಸಿ, ಒಣಗಿದ ಬಟ್ಟೆ ಮಡಚಿ, ಮಗಳ ಡಬ್ಬಿ ತೊಳೆದು ಬಂದು ಕೂತರೆ ‘ಓಡಾಡಿದೆಯಲ್ಲ, ಅದೇ ವ್ಯಾಯಾಮ’ ಅನ್ನುತ್ತಾರೆ. ಅಲ್ಲ. ಅದು ಎರಡನೇ ಪಾಳಿ. ಸಿಂಕಿನ ಮುಂದೆ ಬಗ್ಗಿ ನಿಂತರೆ ಸೊಂಟಕ್ಕೆ ಯಾವ ಸುಖವೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2024ರಲ್ಲಿ ಪ್ರಕಟಿಸಿದ ಅಂದಾಜಿನಲ್ಲಿ ಭಾರತದ ವಯಸ್ಕ ಹೆಂಗಸರಲ್ಲಿ ಶೇ 57ರಷ್ಟು ಮಂದಿಗೆ, ಗಂಡಸರಲ್ಲಿ ಶೇ 42ರಷ್ಟು ಮಂದಿಗೆ ಬೇಕಾದಷ್ಟು ದೈಹಿಕ ಚಟುವಟಿಕೆ ಇಲ್ಲ ಅಂತ ಇದೆ. ನಮ್ಮ ಮನೆಯ ಬಾಗಿಲಲ್ಲಿ ನಿಂತು ನೋಡಿದರೆ ಆ ಅಂತರಕ್ಕೆ ಕಾರಣ ಹುಡುಕಲು ಕಷ್ಟವಿಲ್ಲ.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ನಮ್ಮ ಏಳು ನಿಮಿಷ ದಿನಕ್ಕೆ ಎರಡು ಸಲ, ವಾರಕ್ಕೆ ಐದು ದಿನ ಅಂದರೆ 70 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆ ವಾರಕ್ಕೆ ಕಮ್ಮಿಯಲ್ಲಿ 150 ನಿಮಿಷ, ಸ್ವಲ್ಪ ಉಸಿರು ಹೆಚ್ಚುವಷ್ಟು. ಅರ್ಧಕ್ಕೂ ಮುಟ್ಟಲಿಲ್ಲ. ಹತ್ತು ನಿಮಿಷ, ದಿನಕ್ಕೆ ಮೂರು ಸಲ, ಐದು ದಿನ ಅಂದರೆ ಲೆಕ್ಕ ಸರಿಹೋಗುತ್ತದೆ. ಒಂದೇ ಏಟಿಗೆ ಹತ್ತು ನಿಮಿಷ ಆಗಲೇಬೇಕು ಅನ್ನುವ ಹಳೆಯ ಷರತ್ತನ್ನು ಆ ಸಂಸ್ಥೆಯೇ ಆ ವರ್ಷ ಕೈಬಿಟ್ಟಿದೆ. ಹಾಗಿದ್ದರೆ ಅಡ್ಡ ಬಂದದ್ದು ಏನು? ಹಸಿರು ಚುಕ್ಕಿ. ನಮ್ಮ ಚಾಟ್ ಕಿಟಕಿಯಲ್ಲಿ ಹೆಸರಿನ ಪಕ್ಕ ಇರುವ ಆ ಚುಕ್ಕಿ ಐದು ನಿಮಿಷ ಕೀಲಿ ಮುಟ್ಟದಿದ್ದರೆ ಹಳದಿಯಾಗುತ್ತದೆ. ಹಳದಿ ಅಂದರೆ ಇವಳು ಇಲ್ಲ. ನನ್ನ ಪರಿಚಯದವರೊಬ್ಬರು ಊಟಕ್ಕೆ ಏಳುವಾಗ ಮೌಸನ್ನು ಮಗನ ಕೈಗೆ ಕೊಟ್ಟು ಹೋಗುತ್ತಾರೆ. ಹಂಚಿನ ಕಾರ್ಖಾನೆಯಲ್ಲೂ ಹಾಜರಿ ಪುಸ್ತಕ ಇತ್ತು, ಆದರೆ ಕೂಗು ಆದ ಮೇಲೆ ಅದರಲ್ಲಿ ಯಾರೂ ಗೈರು ಹಾಕುತ್ತಿರಲಿಲ್ಲ.

ಕಂಪನಿಗಳು ಆರೋಗ್ಯದ ಬಗ್ಗೆ ಮಾತಾಡುವುದಿಲ್ಲ ಅಂತ ಅಲ್ಲ. ಮಾತಾಡುತ್ತವೆ, ಇಮೇಲಿನಲ್ಲಿ. ಜೂನ್ 21ಕ್ಕೆ ಯೋಗದಿನದ ವೆಬಿನಾರ್ ಇರುತ್ತದೆ, ಅದನ್ನು ಕೂತೇ ನೋಡಬೇಕು. ಕೇಂದ್ರದ ಆಯುಷ್ ಸಚಿವಾಲಯ 2021ರ ಸೆಪ್ಟೆಂಬರ್ 1ರಂದು ‘ವೈ-ಬ್ರೇಕ್’ ಅನ್ನುವ ಆ್ಯಪ್ ತಂದಿತು. ಕೆಲಸದ ಜಾಗದಲ್ಲೇ ಐದು ನಿಮಿಷ ತಾಡಾಸನ, ಭುಜ ತಿರುಗಿಸುವುದು, ಭ್ರಾಮರಿ. ಒಳ್ಳೆಯ ಆ್ಯಪ್, ನಾನು ಹಾಕಿಕೊಂಡಿದ್ದೇನೆ. ಅದು ಇರುವುದು ನನ್ನ ಫೋನಿನಲ್ಲಿ, ಇರಬೇಕಾದದ್ದು ನನ್ನ ಮ್ಯಾನೇಜರ ಕ್ಯಾಲೆಂಡರಿನಲ್ಲಿ. ನನ್ನ ಫೋನು ನನ್ನನ್ನು ಎಬ್ಬಿಸಿದರೆ ನಾನು ಅದರ ಬಾಯಿ ಮುಚ್ಚಿಸಬಲ್ಲೆ, ದಿನಾ ಮುಚ್ಚಿಸುತ್ತೇನೆ. ಮೀಟಿಂಗು ಕರೆದವರು ‘ಇನ್ನು ಹತ್ತು ನಿಮಿಷ ಯಾರೂ ಇಲ್ಲ’ ಅಂದರೆ ಮಾತ್ರ ಏಳಬಲ್ಲೆ. ಶಿಸ್ತು ಕಲಿಸಲು ಬರುವವರಿಗೆಲ್ಲ ನಾನು ಕೇಳುವುದು ಇಷ್ಟೇ: ಕೂಗು ಹೊಡೆಯುವ ಕೆಲಸ ಯಾವ ಕಾರ್ಖಾನೆಯಲ್ಲಿ ಕೂಲಿಯವನಿಗೆ ಬಿಟ್ಟಿದ್ದರು?

ಈ ಮಾತಿಗೆ ಕಾಲ ಅಷ್ಟು ಒಳ್ಳೆಯದಲ್ಲ ಅಂತ ಗೊತ್ತು. 2023ರ ಅಕ್ಟೋಬರಿನಲ್ಲಿ ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದರು. 2024ರ ಜುಲೈಯಲ್ಲಿ ಐಟಿ ನೌಕರರ ದಿನವನ್ನು 14 ಗಂಟೆಯವರೆಗೆ ಎಳೆಯುವ ಪ್ರಸ್ತಾಪ ನಮ್ಮ ರಾಜ್ಯದಲ್ಲೇ ಎದ್ದು, ನೌಕರರ ಸಂಘದವರು ಬೀದಿಗಿಳಿದರು. ಇತ್ತ ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ ಸೇರಿ 2021ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ, ವಾರಕ್ಕೆ 55 ಗಂಟೆ ಅಥವಾ ಅದಕ್ಕೂ ಹೆಚ್ಚಿನ ದುಡಿಮೆಯಿಂದ 2016 ಒಂದೇ ವರ್ಷದಲ್ಲಿ ಪಾರ್ಶ್ವವಾಯು, ಹೃದಯದ ಕಾಯಿಲೆಗಳಿಗೆ ಜಗತ್ತಿನಲ್ಲಿ 7.45 ಲಕ್ಷ ಜನ ಸತ್ತಿದ್ದಾರೆ. ಹಿರಿಯರು ಈ ಅಂದಾಜನ್ನೂ ಓದಿ ಮಾತಾಡಿದ್ದರೆ ಒಳ್ಳೆಯದಿತ್ತು.

ಜಪಾನಿನವರು ಕೂಗನ್ನು ರೇಡಿಯೋಕ್ಕೆ ವಹಿಸಿದ್ದಾರೆ. 1928ರಲ್ಲಿ ಶುರುವಾದ ‘ರಾಜಿಯೋ ತೈಸೋ’ ಈಗಲೂ ಬೆಳಿಗ್ಗೆ ಆರೂವರೆಗೆ ಬರುತ್ತದೆ. ಪಿಯಾನೋ ಶುರುವಾದರೆ ಪಾರ್ಕಿನಲ್ಲಿ ಅಜ್ಜ-ಅಜ್ಜಿಯರು ಕೈ ಎತ್ತುತ್ತಾರೆ, ಎಷ್ಟೋ ಕಾರ್ಖಾನೆಗಳಲ್ಲಿ ಕೆಲಸ ಶುರುವಾಗುವುದೇ ಅದರಿಂದ. ನಮಗೆ ಮಂಗಳೂರು ಆಕಾಶವಾಣಿ ಉಂಟು, 1976ರಿಂದ. ಪ್ರದೇಶ ಸಮಾಚಾರ, ಕೃಷಿರಂಗದ ಜೊತೆ ಬೆಳೆದವರು ನಾವು. ಹನ್ನೊಂದು ಗಂಟೆಗೆ ಐದು ನಿಮಿಷ ಚೆಂಡೆ ಬಾರಿಸಿ ‘ಕೂತವರೆಲ್ಲ ಏಳಿ’ ಅಂತ ಹೇಳಲು ಅದಕ್ಕೇನು ಖರ್ಚು? ಬಡಗುತಿಟ್ಟಿನ ಚೆಂಡೆ ಕೇಳಿದರೆ ಈ ಮೂರು ತಾಲೂಕಿನಲ್ಲಿ ಕೂತಿರುವ ಕಾಲು ಯಾವುದೂ ಇಲ್ಲ. ಇದು ನನ್ನ ಕನಸು, ಯಾರೂ ಮನಸ್ಸಿಗೆ ಹಚ್ಚಿಕೊಳ್ಳಬೇಕಾಗಿಲ್ಲ.

ಸದ್ಯಕ್ಕೆ ನಮ್ಮ ಮನೆಯ ಆಕಾಶವಾಣಿ ಮಾವ. ಗೋಡೆ ಗಡಿಯಾರ ನೋಡುತ್ತಾ ಜಗಲಿಯಲ್ಲಿ ಕೂತಿರುತ್ತಾರೆ. ನಾಲ್ಕು ಬಡಿದ ಕೂಡಲೇ ಎರಡೂ ಕೈ ಬಾಯಿಗೆ ಹಿಡಿದು “ಊ…” ಅಂತ ಕಾರ್ಖಾನೆಯ ಕೂಗು ಹಾಕುತ್ತಾರೆ. ಎಪ್ಪತ್ತಾರು ವರ್ಷದ ಉಸಿರು, ಉದ್ದ ಸಾಲದು, ಆದರೆ ಓಣಿಯ ನಾಯಿಗಳು ಕೂಡ ಅದನ್ನು ಗುರುತಿಸುತ್ತವೆ. ಹಿಂದಿಂದಲೇ ಮಾತು: “ಹ್ವಾಯ್, ಕೂಗ್ ಆಯ್ತ್, ಏಳ್ ಮಗಾ!” ಕಳೆದ ಮಳೆಗಾಲ ಒಂದು ದಿನ ನಾನು ಮ್ಯೂಟ್ ಒತ್ತಲು ಮರೆತಿದ್ದೆ. ಹದಿನಾರು ಜನರ ಮೀಟಿಂಗಿನಲ್ಲಿ ಹಂಚಿನ ಕಾರ್ಖಾನೆ ಕೂಗಿತು. ಎಲ್ಲರೂ ಸುಮ್ಮನಾದರು. ಪುಣೆಯಲ್ಲಿರುವ ನಮ್ಮ ಮ್ಯಾನೇಜರು, ಅದೇನು ಸೈರನ್, ನಿಮ್ಮ ಕಡೆ ಚಂಡಮಾರುತವಾ ಅಂತ ಕೇಳಿದರು.

ಇದ್ದದ್ದನ್ನು ಹೇಳಿದೆ. ಮಾವ, ಕಾರ್ಖಾನೆ, ಕೂಗು, ನನ್ನ ಸೊಂಟ, ಎಲ್ಲ ಎರಡು ನಿಮಿಷದಲ್ಲಿ. ಯಾರೋ ಇಬ್ಬರು ನಗುವ ಎಮೋಜಿ ಹಾಕಿದರು. ಹೈದರಾಬಾದಿನ ಹುಡುಗಿಯೊಬ್ಬಳು ಮಾತ್ರ ನನಗೆ ಬೇರೆಯಾಗಿ ಬರೆದಳು, ನನ್ನದೂ ಸೊಂಟ, ನನಗೂ ಹೇಳಿ ಅಂತ. ಮ್ಯಾನೇಜರು, ಸರಿ, ಹಾಗಾದರೆ ಒಂದು ಇನ್ವೈಟ್ ಕಳುಹಿಸಿ ನೋಡೋಣ ಅಂದರು. ಆ ಸಂಜೆಯೇ ಕಳುಹಿಸಿದೆ: ದಿನಾ ಹನ್ನೊಂದು, ಎರಡೂವರೆ, ನಾಲ್ಕೂವರೆ, ತಲಾ ಹತ್ತು ನಿಮಿಷ, ಹದಿನಾರೂ ಜನಕ್ಕೆ. ವಿಷಯ ಅನ್ನುವ ಜಾಗದಲ್ಲಿ ‘ಕೂಗು’ ಅಂತ ಕನ್ನಡದಲ್ಲೇ ಬರೆದೆ. ಒಂಬತ್ತು ಜನ ಒಪ್ಪಿದ್ದಾರೆ. ಮ್ಯಾನೇಜರ ಹೆಸರಿನ ಮುಂದೆ ಇವತ್ತಿಗೂ ‘ಟೆಂಟೇಟಿವ್’ ಅಂತ ಇದೆ. ಮಾವ ದಿನಾ ಸಂಜೆ ಕೇಳುತ್ತಾರೆ, “ಎಂತ, ಧಣಿ ಸಮ ಅಂದ್ರಾ?”